ಕರಾವಳಿಗೆ ಬಸ್ಸು, ಘಟ್ಟಕ್ಕೆ ಕಾರು: ಮಂಗಳೂರಿನಿಂದ ಗೋಕರ್ಣದವರೆಗೆ ಓಡಾಡುವ ಬಗೆ

ಪ್ರಶ್ನೆ: ನಾವು ವಿಜಯಪುರದವರು. ನಾನು, ಪತ್ನಿ, ಎಪ್ಪತ್ತು ದಾಟಿದ ತಾಯಿ ಮತ್ತು ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಡಿಸೆಂಬರ್ ತಿಂಗಳಲ್ಲಿ ಎಂಟು ದಿನ ಕರಾವಳಿಗೆ ಬರಬೇಕೆಂದಿದ್ದೇವೆ. ಮಂಗಳೂರು, ಉಡುಪಿ, ಮುರುಡೇಶ್ವರ, ಗೋಕರ್ಣ ನೋಡಿ, ನಡುವೆ ಆಗುಂಬೆ, ಶೃಂಗೇರಿ, ಜೋಗಕ್ಕೂ ಹೋಗುವ ಆಸೆಯಿದೆ. ನಮ್ಮದೇ ಕಾರಿನಲ್ಲಿ ಬರಬೇಕೇ, ಬಸ್ಸು-ರೈಲು ಸಾಕಾಗುತ್ತದೆಯೇ, ಅಥವಾ ಅಲ್ಲಿಗೆ ಬಂದ ಮೇಲೆ ಕಾರು ಬಾಡಿಗೆಗೆ ಹಿಡಿಯುವುದು ಒಳ್ಳೆಯದೇ? ಮಳೆಗಾಲದಲ್ಲೂ ಒಮ್ಮೆ ಬರುವ ವಿಚಾರವಿದೆ. ಆಗ ಏನು ಬದಲಾಗುತ್ತದೆ?

ಉತ್ತರ: ನಿಮ್ಮ ಕಾರನ್ನು ಮನೆಯಲ್ಲೇ ಬಿಟ್ಟು ಬನ್ನಿ. ಕರಾವಳಿಯ ಉದ್ದಕ್ಕೂ ಬಸ್ಸು ಮತ್ತು ರೈಲಿನಲ್ಲಿ ಓಡಾಡಿ. ಘಟ್ಟ ಹತ್ತಿ ಇಳಿಯುವ ಎರಡು ದಿನಗಳ ಮಟ್ಟಿಗೆ ಮಾತ್ರ ಚಾಲಕರಿರುವ ಬಾಡಿಗೆ ಕಾರು ಮಾಡಿಕೊಳ್ಳಿ. ನಾಲ್ಕು ಜನರ, ಅದರಲ್ಲೂ ಹಿರಿಯರೊಬ್ಬರಿರುವ ನಿಮ್ಮ ಕುಟುಂಬಕ್ಕೆ ಖರ್ಚು, ಸಮಯ, ಆಯಾಸ ಈ ಮೂರನ್ನೂ ನೋಡಿದರೆ ಇದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಕಾರಣ ಈ ಸೀಮೆಯ ನೆಲದ ರಚನೆಯಲ್ಲಿದೆ.

ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ; ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕರಾವಳಿ ತಾಲೂಕುಗಳು ಒಂದರ ತಲೆಯ ಮೇಲೊಂದರಂತೆ ಕುಳಿತಿವೆ. ನೇತ್ರಾವತಿ, ಸೌಪರ್ಣಿಕಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಹೀಗೆ ಸಾಲು ಸಾಲು ನದಿಗಳು ಈ ಪಟ್ಟಿಯನ್ನು ಅಡ್ಡಲಾಗಿ ಸೀಳಿಕೊಂಡು ಕಡಲಿಗೆ ಸೇರುತ್ತವೆ. ಹಾಗಾಗಿ ದಕ್ಷಿಣೋತ್ತರವಾಗಿ ದೂರ ಸಾಗಬೇಕಾದವರೆಲ್ಲ ಸೇತುವೆಗಳಿರುವ ಎರಡೇ ದಾರಿಗಳನ್ನು ಹಿಡಿಯಬೇಕು: ಒಂದು ರಾಷ್ಟ್ರೀಯ ಹೆದ್ದಾರಿ 66, ಇನ್ನೊಂದು 1998ರ ಜನವರಿಯಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲು ಮಾರ್ಗ. ಊರುಗಳೆಲ್ಲ ಇವೆರಡರ ಬದಿಗೇ ಇರುವುದರಿಂದ ಬಸ್ಸುಗಳೂ ಇಲ್ಲೇ ದಟ್ಟವಾಗಿವೆ. ಪೂರ್ವಕ್ಕೆ ತಿರುಗಿ ಘಟ್ಟ ಹತ್ತಲು ಹೊರಟ ಕೂಡಲೇ ಚಿತ್ರ ಬೇರೆಯಾಗುತ್ತದೆ. ಬಸ್ಸುಗಳ ಸಂಖ್ಯೆ ಇಳಿಯುತ್ತದೆ, ಒಂದು ತಪ್ಪಿದರೆ ಇನ್ನೊಂದಕ್ಕೆ ತಾಸುಗಟ್ಟಲೆ ಕಾಯಬೇಕಾಗುತ್ತದೆ, ನೋಡಬೇಕಾದ ಜಾಗಗಳು ಬಸ್ ನಿಲ್ದಾಣದಿಂದ ದೂರವಿರುತ್ತವೆ. ಯಾವ ದಿನಕ್ಕೆ ಯಾವ ವಾಹನ ಎಂಬುದನ್ನು ದಿಕ್ಕನ್ನು ನೋಡಿಯೇ ತೀರ್ಮಾನಿಸಬೇಕು ಎನ್ನುವುದು ಇದಕ್ಕಾಗಿ.

ಮೊದಲು ಬರುವ ದಾರಿ. ವಿಜಯಪುರದಿಂದ ಹುಬ್ಬಳ್ಳಿ, ಹಾಸನದ ಮೇಲೆ ಮಂಗಳೂರಿಗೆ ನೇರ ರೈಲಿದೆ, ಅದನ್ನೇ ಹಿಡಿಯಿರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನ ಘಟ್ಟದಲ್ಲಿ 57 ಸುರಂಗಗಳಿವೆ, ಇಳಿಜಾರು 50ಕ್ಕೆ 1ರಷ್ಟು ಕಡಿದಾಗಿದೆ, ಆದ್ದರಿಂದ ರೈಲು ಅಲ್ಲಿ ಬಹಳ ನಿಧಾನವಾಗಿ ಇಳಿಯುತ್ತದೆ. ಇದೇ ದೂರವನ್ನು ರಸ್ತೆಯಲ್ಲಿ ಶಿರಾಡಿ ಘಟ್ಟದ ಮೂಲಕ ಬರುವುದಾದರೆ ಲಾರಿಗಳ ಹಿಂದೆ ತೆವಳಬೇಕು. ಟಿಕೆಟ್ ಕಾಯ್ದಿರಿಸುವಿಕೆ ಈಗ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ. ಡಿಸೆಂಬರ್ ಎಂದರೆ ಶಾಲಾ ಪ್ರವಾಸಗಳು, ಕ್ರಿಸ್‌ಮಸ್ ರಜೆ, ಶಬರಿಮಲೆ ಯಾತ್ರೆ ಎಲ್ಲವೂ ಒಟ್ಟಿಗೆ ಬರುವ ಕಾಲವಾದ್ದರಿಂದ ತೆರೆದ ದಿನವೇ ಮಾಡಿಬಿಡುವುದು ಕ್ಷೇಮ. ತಾಯಿಯವರ ವಯಸ್ಸನ್ನು ಸರಿಯಾಗಿ ನಮೂದಿಸಿದರೆ, ಲಭ್ಯವಿರುವ ಮಟ್ಟಿಗೆ ಕೆಳಗಿನ ಬರ್ತ್ ಸಿಗುತ್ತದೆ.

ಮಂಗಳೂರಿನಲ್ಲಿ ಎರಡು ರೈಲು ನಿಲ್ದಾಣಗಳಿವೆ ಎಂಬುದು ನೆನಪಿರಲಿ. ಸೆಂಟ್ರಲ್ ನಗರದ ಒಳಗಿದೆ. ಜಂಕ್ಷನ್ ಪಡೀಲಿನ ಬಳಿ, ಪೇಟೆಯಿಂದ ಐದಾರು ಕಿಲೋಮೀಟರ್ ಹೊರಗಿದೆ. ಬಸ್ ನಿಲ್ದಾಣಗಳೂ ಎರಡು: ಸರ್ಕಾರಿ ಬಸ್ಸುಗಳದು ಬಿಜೈಯಲ್ಲಿ, ಖಾಸಗಿ ಬಸ್ಸುಗಳದು ಹಂಪನಕಟ್ಟೆಯ ಕೆಳಗೆ ಸ್ಟೇಟ್ ಬ್ಯಾಂಕ್ ಎಂದು ಎಲ್ಲರೂ ಕರೆಯುವ ಕಡೆ. ಆಟೋದವರಿಗೆ ಬರಿದೇ ‘ಬಸ್ ಸ್ಟ್ಯಾಂಡ್’ ಎಂದರೆ ಸಾಲದು, ಯಾವುದು ಎಂದು ಹೇಳಬೇಕು.

ಈ ಖಾಸಗಿ ಬಸ್ಸುಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಸರ್ಕಾರಿ ಬಸ್ಸಿನದೇ ರಾಜ್ಯವಾಗಿರುವ ಉತ್ತರ ಕರ್ನಾಟಕದಿಂದ ಬರುವವರಿಗೆ ಇದು ಹೊಸ ಲೋಕ. ಮಂಗಳೂರಿನಿಂದ ಉಡುಪಿ, ಕುಂದಾಪುರದವರೆಗೆ, ಒಳಗಡೆ ಕಾರ್ಕಳ, ಮೂಡುಬಿದಿರೆಗಳವರೆಗೆ ಜನರ ದಿನನಿತ್ಯದ ಓಡಾಟವನ್ನು ಹೊತ್ತಿರುವುದು ಬಹುಮಟ್ಟಿಗೆ ಖಾಸಗಿ ಬಸ್ಸುಗಳೇ. ಬಸ್ಸಿನ ಹಣೆಯ ಮೇಲೆ ದೊಡ್ಡದಾಗಿ ಬರೆದಿರುವುದು ಅದರ ಹೆಸರು, ಊರಲ್ಲ. ಊರಿನ ಫಲಕ ಗಾಜಿನ ಕೆಳಗೋ ಬದಿಯಲ್ಲೋ ಸಣ್ಣದಾಗಿರುತ್ತದೆ. ಫಲಕ ಹುಡುಕುವುದಕ್ಕಿಂತ ಕಿವಿಗೊಡುವುದು ಸುಲಭ: ಬಾಗಿಲಲ್ಲಿ ನಿಂತ ಕಂಡಕ್ಟರ್ ಹೋಗುವ ಊರುಗಳನ್ನು ಒಂದೇ ಉಸಿರಿಗೆ ಕೂಗುತ್ತಿರುತ್ತಾರೆ, ಜನ ಹತ್ತಿದರೋ ಇಲ್ಲವೋ ಎನ್ನುವಷ್ಟರಲ್ಲಿ ಸೀಟಿ ಊದಿ ‘ರೈಟ್ ಪೋಯಿ’ ಎನ್ನುತ್ತಾರೆ, ಬಸ್ಸು ಹೊರಟಿರುತ್ತದೆ. ಈ ಅವಸರ ತಾಯಿಯವರಿಗೆ ಗಾಬರಿ ಹುಟ್ಟಿಸಬಾರದು. ಆದ್ದರಿಂದ ದಾರಿಬದಿಯ ತಂಗುದಾಣದಲ್ಲಿ ಕೈ ತೋರಿಸಿ ಹತ್ತುವ ಬದಲು ಬಸ್ಸು ಹೊರಡುವ ಮೂಲ ನಿಲ್ದಾಣಕ್ಕೇ ಹೋಗಿ, ಖಾಲಿ ಬಸ್ಸಿನಲ್ಲಿ ಮೊದಲು ಅವರನ್ನು ಕೂರಿಸಿರಿ. ಇಳಿಯುವ ಮೊದಲೇ ಕಂಡಕ್ಟರಿಗೆ ಹಿರಿಯರಿದ್ದಾರೆಂದು ಹೇಳಿದರೆ ನಿಧಾನಿಸಿ ಕೈ ಹಿಡಿದು ಇಳಿಸುತ್ತಾರೆ. ಅವರವರ ನಡುವೆ ಮಾತು ತುಳುವಿನಲ್ಲಿ ನಡೆದರೂ ಕನ್ನಡದಲ್ಲಿ ಕೇಳಿದ್ದಕ್ಕೆ ಎಲ್ಲ ಕಡೆಯೂ ಕನ್ನಡದಲ್ಲೇ ಉತ್ತರ ಸಿಗುತ್ತದೆ.

‘ಎಕ್ಸ್‌ಪ್ರೆಸ್’ ಎಂದರೆ ದೊಡ್ಡ ಊರುಗಳಲ್ಲಿ ಮಾತ್ರ ನಿಲ್ಲುವುದು, ‘ಸರ್ವಿಸ್’ ಅಥವಾ ‘ಲೋಕಲ್’ ಎಂದರೆ ಕೈ ತೋರಿಸಿದಲ್ಲೆಲ್ಲ ನಿಲ್ಲುವುದು. ಮಂಗಳೂರಿನಿಂದ ಉಡುಪಿಗೆ ಸುಮಾರು 55 ಕಿಲೋಮೀಟರ್; ಎಕ್ಸ್‌ಪ್ರೆಸ್ ಬಸ್ಸುಗಳು ಹಗಲೆಲ್ಲ ಬಿಡುವಿಲ್ಲದೆ ಓಡುತ್ತವೆ, ಸಮಯ ಕೇಳಿಕೊಂಡು ಹೋಗುವ ಅಗತ್ಯವೇ ಇಲ್ಲ. ಆದರೆ ಇವುಗಳಲ್ಲಿ ಸಾಮಾನು ಇಡಲು ಜಾಗ ಕಡಿಮೆ. ಚಕ್ರವಿರುವ ಎರಡು ದೊಡ್ಡ ಸೂಟ್‌ಕೇಸಿಗಿಂತ ತಲೆಗೊಂದರಂತೆ ನಾಲ್ಕು ಸಣ್ಣ ಬ್ಯಾಗುಗಳು ಇಲ್ಲಿ ಹೆಚ್ಚು ಅನುಕೂಲ.

ಮನೆಯ ಮೂವರು ಹೆಣ್ಣುಮಕ್ಕಳಿಗೂ ಶಕ್ತಿ ಯೋಜನೆಯ ಉಚಿತ ಪ್ರಯಾಣದ ಹಕ್ಕಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಈ ಸೌಲಭ್ಯ ರಾಜ್ಯದೊಳಗೆ ಓಡುವ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುತ್ತದೆ. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಇಲ್ಲ, ಖಾಸಗಿ ಬಸ್ಸಿಗಂತೂ ಇಲ್ಲವೇ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ಮಂಗಳೂರು–ಕುಂದಾಪುರ ನಡುವೆ ಸರ್ಕಾರಿ ಬಸ್ಸಿಗಾಗಿ ಕಾದು ಕೂರುವುದರಲ್ಲಿ ಅರ್ಥವಿಲ್ಲ. ಭಟ್ಕಳ ದಾಟಿ ಉತ್ತರ ಕನ್ನಡದ ಒಳಹೊಕ್ಕ ಮೇಲೆ ಮಾತ್ರ ಸ್ಥಿತಿ ತಿರುವುಮುರುವಾಗುತ್ತದೆ: ಅಲ್ಲಿ ವಾಯವ್ಯ ಸಾರಿಗೆಯ ಬಸ್ಸುಗಳೇ ಮುಖ್ಯ, ನಿಮಗೆ ಊರಿನಲ್ಲಿ ಪರಿಚಯವಿರುವ ಕ್ರಮವೇ ಅಲ್ಲಿಯೂ ನಡೆಯುತ್ತದೆ, ಉಚಿತ ಟಿಕೆಟ್ಟಿನ ಲಾಭವೂ ಸಿಗುತ್ತದೆ.

ಹಾಗಾದರೆ ರೈಲು? ಉಡುಪಿಯಿಂದ ಕಾರವಾರದವರೆಗೆ ಹಳಿ ಸಮುದ್ರಕ್ಕೆ ಸಮಾನಾಂತರವಾಗಿಯೇ ಸಾಗುತ್ತದೆ, ನದಿಗಳ ಮೇಲಿನ ಸೇತುವೆಗಳಿಂದ ಕಾಣುವ ನೋಟ ಬಲು ಸೊಗಸು. ತೊಡಕಿರುವುದು ಎರಡು ಕಡೆ. ಒಂದು, ಊರೂರಿಗೆ ನಿಲ್ಲುವ ರೈಲುಗಳು ದಿನಕ್ಕೆ ಕೆಲವೇ ಇವೆ. ಇನ್ನೊಂದು, ನಿಲ್ದಾಣಗಳು ಊರಿನಿಂದ ದೂರ. ಉಡುಪಿಯ ನಿಲ್ದಾಣ ಮಣಿಪಾಲ ರಸ್ತೆಯ ಇಂದ್ರಾಳಿಯಲ್ಲಿದೆ, ಕಾರವಾರದ್ದು ಶಿರವಾಡದಲ್ಲಿ, ಗೋಕರ್ಣ ರೋಡ್ ನಿಲ್ದಾಣವಂತೂ ಗೋಕರ್ಣದಿಂದ ಹತ್ತು ಕಿಲೋಮೀಟರಿನಷ್ಟು ಒಳಗೆ. ಮುರುಡೇಶ್ವರ ಒಂದೇ ಕೊಂಚ ಹತ್ತಿರ, ಅಲ್ಲಿಯೂ ಆಟೋ ಬೇಕೇ ಬೇಕು. ಉಡುಪಿಯಿಂದ ಮುರುಡೇಶ್ವರ ಅಥವಾ ಕುಮಟಾದಂತಹ ಉದ್ದದ ಓಟಕ್ಕೆ ಸಮಯ ಹೊಂದಿದರೆ ರೈಲನ್ನು ಆರಿಸಿಕೊಳ್ಳಿ. ಮೂವತ್ತು ನಲವತ್ತು ಕಿಲೋಮೀಟರಿನ ಓಟಕ್ಕೆ ಬಸ್ಸೇ ವಾಸಿ.

ಎಂಟು ದಿನದಲ್ಲಿ ದಿನಕ್ಕೊಂದು ಊರಿನಲ್ಲಿ ಮಲಗುವ ಯೋಜನೆ ಬೇಡ. ಉಡುಪಿಯಲ್ಲಿ ಮೂರು ರಾತ್ರಿ ನಿಲ್ಲಿ. ಅಲ್ಲಿನ ಸರ್ವಿಸ್ ಬಸ್ ನಿಲ್ದಾಣ ಮತ್ತು ಸಿಟಿ ಬಸ್ ನಿಲ್ದಾಣಗಳು ಹತ್ತಿರ ಹತ್ತಿರವೇ ಇವೆ, ಶ್ರೀಕೃಷ್ಣ ಮಠಕ್ಕೆ ನಡೆದುಕೊಂಡೇ ಹೋಗಬಹುದು. ಮಲ್ಪೆಗೆ ಸಿಟಿ ಬಸ್ಸು. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ. 1901ರ ದೀಪಸ್ತಂಭವಿರುವ ಕಾಪು ಹೆದ್ದಾರಿಯ ಪಕ್ಕದಲ್ಲೇ ಇದೆ. 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿಯನ್ನು ನೋಡಲು ಕಾರ್ಕಳಕ್ಕೆ ಬಸ್ಸು, ಅಲ್ಲಿಂದ ಮುಂದೆ ಸಾವಿರ ಕಂಬದ ಬಸದಿಯ ಮೂಡುಬಿದಿರೆಗೆ ಇನ್ನೊಂದು ಬಸ್ಸು, ಸಂಜೆಗೆ ಮರಳಿ ಉಡುಪಿ. ಇಷ್ಟಕ್ಕೆ ಕಾರು ಮಾಡುವುದು ದುಂದು. ಒಂದೇ ಎಚ್ಚರಿಕೆಯೆಂದರೆ, ಹೆದ್ದಾರಿಯ ಮೇಲೆ ಬಸ್ಸುಗಳು ತಡವಾಗಿಯೂ ಸಿಗುತ್ತವಾದರೂ ಒಳದಾರಿಗಳಲ್ಲಿ ಕತ್ತಲಾದ ಮೇಲೆ ವಿರಳವಾಗುತ್ತವೆ. ಬೆಳಿಗ್ಗೆ ಇಳಿಯುವಾಗಲೇ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಆ್ಯಪ್‌ನಲ್ಲಿ ಕರೆಯುವ ಟ್ಯಾಕ್ಸಿಗಳನ್ನು ಮಂಗಳೂರು ದಾಟಿದ ಮೇಲೆ ನೆಚ್ಚಿಕೊಳ್ಳಬೇಡಿ.

ಇನ್ನು ಕಾರಿನ ಎರಡು ದಿನ. ಉಡುಪಿಯಿಂದ ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆಗೆ 55 ಕಿಲೋಮೀಟರಿನ ಹತ್ತಿರ. ಕೊನೆಯ ಭಾಗದ ಘಟ್ಟದಲ್ಲಿ 14 ಹಿಮ್ಮುರಿ ತಿರುವುಗಳಿವೆ. ತಿರುವುಗಳು ಎಷ್ಟು ಬಿಗಿಯೆಂದರೆ ದೊಡ್ಡ ಬಸ್ಸುಗಳ ಬದಲು ಮಿನಿ ಬಸ್ಸುಗಳು ಓಡುತ್ತವೆ. ಎದುರಿನ ವಾಹನ ತಿರುವು ಮುಗಿಸುವ ತನಕ ಕೆಳಗಿನವರು ಕಾಯಬೇಕೋ ಮೇಲಿನವರು ಕಾಯಬೇಕೋ ಎಂಬ ಗೊಂದಲ ಬಯಲುಸೀಮೆಯ ಚಾಲಕರಿಗೆ ಬರುವುದು ಸಹಜ. ನಿಯಮ ಸ್ಪಷ್ಟವಾಗಿದೆ: ಇಕ್ಕಟ್ಟಿನ ಗುಡ್ಡದ ರಸ್ತೆಯಲ್ಲಿ ಹತ್ತುತ್ತಿರುವ ವಾಹನಕ್ಕೆ ಆದ್ಯತೆ, ಇಳಿಯುವವರು ನಿಂತು ದಾರಿ ಬಿಡಬೇಕು. ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಟ್ಟುಕೊಂಡು ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಕೆಳಗಿನ ಗೇರಿನಲ್ಲೇ ಇಳಿಯಬೇಕು. ಇದೆಲ್ಲ ದಿನವೂ ಆ ರಸ್ತೆಯಲ್ಲೇ ಓಡುವ ಸ್ಥಳೀಯ ಚಾಲಕರಿಗೆ ಕೈವಶವಾಗಿರುತ್ತದೆ. ನಾನು ಚಾಲಕರಿರುವ ಕಾರನ್ನೇ ಶಿಫಾರಸು ಮಾಡುವುದು ಈ ಕಾರಣಕ್ಕೆ; ನೀವೂ ಕಿಟಕಿಯಾಚೆ ಕಾಡನ್ನು ನೋಡಬಹುದು.

ಕಾರು ಗೊತ್ತು ಮಾಡುವಾಗ ಕಿಲೋಮೀಟರಿಗೆ ಎಷ್ಟು ಎಂಬ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗಬೇಡಿ. ಹೊರಊರಿನ ಬಾಡಿಗೆಗೆ ಸಾಮಾನ್ಯವಾಗಿ ದಿನಕ್ಕೆ 250 ಅಥವಾ 300 ಕಿಲೋಮೀಟರಿನ ಕನಿಷ್ಠ ಲೆಕ್ಕವಿರುತ್ತದೆ, ಅಷ್ಟು ಓಡದಿದ್ದರೂ ಅಷ್ಟರ ಹಣ ಕೊಡಬೇಕು. ಚಾಲಕರ ದಿನಭತ್ಯೆ, ರಾತ್ರಿ ತಂಗಿದರೆ ಅದರ ವ್ಯವಸ್ಥೆ, ಟೋಲ್, ಪಾರ್ಕಿಂಗ್ ಯಾರ ಪಾಲಿಗೆ, ಬೇರೆ ಊರಿನಲ್ಲಿ ಬಿಟ್ಟರೆ ಖಾಲಿ ಮರಳುವ ದೂರಕ್ಕೆ ಎಷ್ಟು, ಇವಿಷ್ಟನ್ನೂ ಫೋನಿನಲ್ಲಿ ಮಾತಾಡಿದ ಮೇಲೆ ಸಂದೇಶದ ರೂಪದಲ್ಲಿ ಬರೆಸಿಕೊಳ್ಳಿ. ಕಾರಿಗೆ ಹಳದಿ ಫಲಕವಿರಲೇಬೇಕು. ಅಗ್ಗಕ್ಕೆ ಸಿಗುತ್ತದೆಂದು ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಹಿಡಿದರೆ, ಅಪಘಾತವಾದಾಗ ವಿಮೆಯ ಪರಿಹಾರಕ್ಕೆ ತೊಡಕಾಗುತ್ತದೆ. ಹಾಗೊಮ್ಮೆ ನೀವೇ ಓಡಿಸುವ ಇಚ್ಛೆಯಿದ್ದರೆ, ಸ್ವಯಂಚಾಲನೆಗೆ ಪರವಾನಗಿ ಪಡೆದ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುತ್ತವೆ.

ಮೊದಲ ದಿನ ಮಧ್ಯಾಹ್ನದ ಊಟ ಮುಗಿಸಿ ಉಡುಪಿಯಿಂದ ಹೊರಡಿ. ಘಟ್ಟವನ್ನು ಬೆಳಕಿರುವಾಗಲೇ ಹತ್ತಿ ಸೂರ್ಯಾಸ್ತ ನೋಡುವ ಕಟ್ಟೆಗೆ ಐದು ಗಂಟೆಯೊಳಗೆ ಸೇರಿಕೊಳ್ಳಿ. ಮಳೆಗಾಲದಲ್ಲಿ ಮಂಜು ಬಿಟ್ಟು ಬೇರೇನೂ ಕಾಣದ ಆ ಜಾಗದಲ್ಲಿ ಡಿಸೆಂಬರಿನ ತಿಳಿಯಾದ ಸಂಜೆ ಪಶ್ಚಿಮದ ಕಾಡು, ಬಯಲು ಎಲ್ಲವೂ ಕಣ್ಣಿಗೆ ಬೀಳುತ್ತವೆ. ವಾಹನ ನಿಲ್ಲಿಸುವ ಜಾಗ ಕಿರಿದು, ಬಸ್ಸಿನಲ್ಲಿ ಬಂದವರಿಗಾಗಿ ಬಸ್ಸು ಕಾಯುವುದಿಲ್ಲ. ಆ ಒಂದು ಗಂಟೆಗಾಗಿಯೇ ಕಾರು ಬೇಕು ಎಂದರೂ ತಪ್ಪಿಲ್ಲ. ಅಲ್ಲಿಂದ ಶೃಂಗೇರಿಗೆ ಮೂವತ್ತು ಕಿಲೋಮೀಟರಿನೊಳಗಿನ ದಾರಿ, ಘಟ್ಟದ ಮೇಲಿನದಾದ್ದರಿಂದ ಕತ್ತಲಾದರೂ ಚಿಂತೆಯಿಲ್ಲ. ರಾತ್ರಿ ಶೃಂಗೇರಿಯಲ್ಲಿ ತಂಗಿ. ತಾಯಿಯವರಿಗೆ ತಿರುವುಗಳಲ್ಲಿ ತಲೆಸುತ್ತು ಬರುವುದಿದ್ದರೆ ಮುಂದಿನ ಸೀಟಿನಲ್ಲಿ ಕೂರಿಸಿ, ಹೊರಡುವ ಮುನ್ನ ಹಗುರ ಊಟ ಕೊಡಿ.

ಮರುದಿನದ ಬಗ್ಗೆ ನನ್ನದೊಂದು ಸಲಹೆಯಿದೆ. ಜೋಗ ನೋಡಲೇಬೇಕೆಂದಿದ್ದರೆ ಶೃಂಗೇರಿಯಿಂದ ತೀರ್ಥಹಳ್ಳಿ, ಹೊಸನಗರ, ಸಾಗರದ ಮೇಲೆ ಜೋಗಕ್ಕೆ ಹೋಗಿ, ಗೇರುಸೊಪ್ಪೆ ಘಟ್ಟವಿಳಿದು ಹೊನ್ನಾವರ ಸೇರಬಹುದು. ಇದು ಇಡೀ ದಿನದ ಪ್ರಯಾಣ, ಬೆಳಿಗ್ಗೆ ಬೇಗ ಹೊರಡದಿದ್ದರೆ ಘಟ್ಟದಲ್ಲಿ ಕತ್ತಲಾಗುತ್ತದೆ. ಆದರೆ ಶರಾವತಿಯ ನೀರನ್ನು ಮೇಲೆ ಲಿಂಗನಮಕ್ಕಿಯಲ್ಲಿ ತಡೆದಿರುವುದರಿಂದ ಡಿಸೆಂಬರಿನ ಜೋಗದಲ್ಲಿ ಬಂಡೆಯ ಮೇಲೆ ನೀರಿನ ಗೆರೆಗಳಷ್ಟೇ ಕಾಣುವುದು. ಚಿತ್ರದಲ್ಲಿ ನೋಡಿದ ಜೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ಇಡೀ ದಿನ ಕಳೆದು ಬಂದವರು ಸಪ್ಪೆ ಮೋರೆಯಿಂದ ಮರಳುತ್ತಾರೆ. ಜೋಗವನ್ನು ಮಳೆಗಾಲದ ಭೇಟಿಗೆ ಉಳಿಸಿಕೊಂಡು, ಈ ಬಾರಿ ಸಾಗರದಿಂದ ಸಿಗಂದೂರು, ಕೊಲ್ಲೂರಿನ ಮೇಲೆ ಬೈಂದೂರಿಗೆ ಇಳಿಯಿರಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಶರಾವತಿಯ ಹಿನ್ನೀರಿಗೆ ಕಟ್ಟಿದ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈ 14ರಂದು ತೆರೆಯಿತು. ಅಲ್ಲಿಯವರೆಗೆ ವಾಹನ, ಜನ ಎಲ್ಲವೂ ಲಾಂಚ್‌ನಲ್ಲಿ ದಾಟಬೇಕಿತ್ತು, ನೀರು ಇಳಿದ ಬೇಸಿಗೆಯಲ್ಲಿ ವಾಹನಗಳಿಗೆ ಅದೂ ಕಷ್ಟವಾಗುತ್ತಿತ್ತು. ಅಣೆಕಟ್ಟಿಗಾಗಿ ನೆಲ ಬಿಟ್ಟುಕೊಟ್ಟು ದಶಕಗಳ ಕಾಲ ದ್ವೀಪದಂತಾಗಿದ್ದ ಊರುಗಳ ಜನರಿಗೆ ಈ ಸೇತುವೆ ಎಂದೋ ಬರಬೇಕಾಗಿತ್ತು. ಪ್ರವಾಸಿಗರಿಗೂ ಇದರಿಂದ ಸಾಗರದಿಂದ ಕೊಲ್ಲೂರಿನ ದಾರಿ ಬಹಳ ಸಲೀಸಾಗಿದೆ. ಬೈಂದೂರಿನಲ್ಲಿ ಕಾರನ್ನು ಬಿಟ್ಟರೆ ಅದು ಉಡುಪಿಗೆ ಮರಳುವ ದೂರವೂ ಕಡಿಮೆ, ನಿಮಗೆ ಮುರುಡೇಶ್ವರಕ್ಕೆ ಬಸ್ಸು ಅಥವಾ ರೈಲು ಹತ್ತಿರ.

ಈ ಕ್ರಮದಲ್ಲಿ ಕುಂದಾಪುರದಾಚೆಯ ಮರವಂತೆ ಬಿಟ್ಟುಹೋಗುತ್ತದೆ. ಅದಕ್ಕಾಗಿ ಉಡುಪಿಯಲ್ಲಿರುವಾಗಲೇ ಅರ್ಧ ದಿನ ತೆಗೆದಿಟ್ಟು ಬೈಂದೂರು ಕಡೆಯ ಬಸ್ಸು ಹಿಡಿಯಿರಿ, ಎಡಗಡೆಯ ಕಿಟಕಿಯಲ್ಲಿ ಕೂತುಕೊಳ್ಳಿ. ಅಲ್ಲಿ ಹೆದ್ದಾರಿಯ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ. ಎರಡರ ನಡುವೆ ರಸ್ತೆಯಷ್ಟೇ.

ಇಷ್ಟೆಲ್ಲ ಕೇಳಿಯೂ ಸ್ವಂತ ಕಾರಿನಲ್ಲೇ ಬರುವುದೆಂದು ತೀರ್ಮಾನಿಸಿದರೆ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಅಂಕೋಲಾಕ್ಕೆ ಇಳಿದು, ಗೋಕರ್ಣದಿಂದ ದಕ್ಷಿಣಕ್ಕೆ ಸಾಗುವುದು ಸರಿ. ಸಮಯವನ್ನು ಮೊಬೈಲಿನ ನಕ್ಷೆ ಹೇಳಿದಂತೆ ಲೆಕ್ಕ ಹಾಕಬೇಡಿ. ಘಟ್ಟದಲ್ಲಿ ಗಂಟೆಗೆ 25ರಿಂದ 30 ಕಿಲೋಮೀಟರ್ ಎಂದಿಟ್ಟುಕೊಂಡರೆ ಸಾಕು. ದೂರ ಕಡಿಮೆ ಎಂದು ನಕ್ಷೆ ತೋರಿಸುವ ಕಾಡಿನ ಒಳದಾರಿಗಳನ್ನು ಹಿಡಿಯಬೇಡಿ, ಮಲೆನಾಡಿನ ಹಲವು ಕಡೆ ಮೊಬೈಲ್ ಸಿಗ್ನಲ್ ಸಿಗದ ಕಾರಣ ಆ ಭಾಗದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಪೆಟ್ರೋಲನ್ನು ಘಟ್ಟದ ಬುಡದ ಊರಿನಲ್ಲೇ ತುಂಬಿಸಿ. ಹೆದ್ದಾರಿ 66 ಅಗಲವಾಗಿ ಕಂಡರೂ ವಿಭಜಕದ ತೆರಪುಗಳಲ್ಲಿ ಎದುರು ದಿಕ್ಕಿನಿಂದ ನುಗ್ಗುವ ದ್ವಿಚಕ್ರ ವಾಹನಗಳಿಂದಾಗಿ ರಾತ್ರಿ ಓಡಿಸಲು ಒಳ್ಳೆಯ ರಸ್ತೆಯಲ್ಲ. ಆ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಹಿಂದಿನಿಂದ ಹಾರ್ನ್ ಹಾಕಿದರೆ ಪೈಪೋಟಿಗೆ ಇಳಿಯದೆ ದಾರಿ ಬಿಟ್ಟುಬಿಡಿ.

ಮಳೆಗಾಲದ ಪ್ರಶ್ನೆಗೆ ಬರೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಸಂಚಾರದ ನಿಯಮಗಳೇ ಬೇರೆ. ಕೊಂಕಣ ರೈಲಿಗೆ ಪ್ರತ್ಯೇಕ ಮುಂಗಾರು ವೇಳಾಪಟ್ಟಿಯಿದೆ, ವೇಗ ತಗ್ಗಿಸುವುದರಿಂದ ರೈಲುಗಳ ಹೊತ್ತು ಬದಲಾಗುತ್ತದೆ. ಮಲ್ಪೆಯ ದ್ವೀಪಕ್ಕೆ ದೋಣಿಗಳು ನಿಲ್ಲುತ್ತವೆ. ಆಗುಂಬೆ, ಶಿರಾಡಿ, ಚಾರ್ಮಾಡಿ ಘಟ್ಟಗಳಲ್ಲಿ ಗುಡ್ಡ ಜರಿದಾಗ ಜಿಲ್ಲಾಧಿಕಾರಿಗಳು ಭಾರಿ ವಾಹನಗಳನ್ನೋ ರಾತ್ರಿ ಸಂಚಾರವನ್ನೋ ನಿಷೇಧಿಸಿ ಆದೇಶ ಹೊರಡಿಸುತ್ತಾರೆ. ಹೊರಡುವ ಹಿಂದಿನ ಸಂಜೆ ಆಯಾ ಜಿಲ್ಲೆಯ ಸುದ್ದಿಯನ್ನು ನೋಡಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ. ಸಮತಟ್ಟಾದ ಹೆದ್ದಾರಿಯಾದರೆ ಅಪಾಯವಿಲ್ಲವೆಂದೂ ಭಾವಿಸುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿ 66ರ ಮೇಲೆಯೇ. ರಸ್ತೆಬದಿಯ ಅಂಗಡಿಯಲ್ಲಿ ಚಹಾಕ್ಕೆ ನಿಂತವರೂ ಗಂಗಾವಳಿಯ ಪಾಲಾದರು. ಜೋರು ಮಳೆಯಲ್ಲಿ, ಕಡಿದು ನಿಲ್ಲಿಸಿದ ಗುಡ್ಡದ ಬುಡದಲ್ಲಿ ಯಾವ ಕಾರಣಕ್ಕೂ ವಾಹನ ನಿಲ್ಲಿಸಬಾರದು. ಜೋಗಕ್ಕಾಗಿ ಮಳೆಗಾಲದಲ್ಲಿ ಬರುವುದಾದರೆ ಮೇಲಿನಿಂದಲೇ, ಅಂದರೆ ಸಾಗರದ ಕಡೆಯಿಂದ ಬನ್ನಿ. ತಾಳಗುಪ್ಪದವರೆಗೆ ರೈಲಿದೆ, ಅಲ್ಲಿಂದ ಜೋಗ ಹತ್ತಿರ, ಘಟ್ಟ ದಾಟುವ ಪ್ರಮೇಯವೇ ಬರುವುದಿಲ್ಲ.

ಡಿಸೆಂಬರಿನ ಪ್ರವಾಸದ ಕೊನೆಯ ಎರಡು ರಾತ್ರಿಗಳನ್ನು ಗೋಕರ್ಣಕ್ಕೆ ಇಡಿ. ಮುರುಡೇಶ್ವರದಿಂದ ಹೊನ್ನಾವರ, ಕುಮಟಾದಲ್ಲಿ ಬಸ್ಸು ಬದಲಿಸುತ್ತ ಅರ್ಧ ದಿನದೊಳಗೆ ಸೇರಬಹುದು. ಮರಳುವಾಗ ಪುನಃ ಮಂಗಳೂರಿಗೆ ಹೋಗಬೇಕಾಗಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ದಶಕಗಳಿಂದ ಬೇಡಿಕೆಯಲ್ಲೇ ಉಳಿದಿರುವುದರಿಂದ ರಸ್ತೆಯೇ ಗತಿ; ಅಂಕೋಲಾಕ್ಕೆ ಬಂದು, ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಬೆಳಗಿನ ಸರ್ಕಾರಿ ಬಸ್ಸು ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿಯಲ್ಲಿರುತ್ತೀರಿ, ಅಲ್ಲಿಂದ ವಿಜಯಪುರಕ್ಕೆ ಬಸ್ಸೂ ಇದೆ, ರೈಲೂ ಇದೆ. ಕುಮಟಾ–ಶಿರಸಿ ದಾರಿಯ ದೇವಿಮನೆ ಘಟ್ಟದ ಮೂಲಕ ಹೋಗುವ ಮನಸ್ಸಿದ್ದರೆ, ಅಗಲೀಕರಣದ ಕೆಲಸಕ್ಕಾಗಿ ಆ ರಸ್ತೆಯನ್ನು ಹಿಂದೆ ಮುಚ್ಚಿದ್ದುಂಟು. ಕುಮಟಾ ಬಸ್ ನಿಲ್ದಾಣದ ಸಂಚಾರ ನಿಯಂತ್ರಕರನ್ನು ಹಿಂದಿನ ದಿನವೇ ಕೇಳಿಕೊಳ್ಳಿ.